ಕಾರ್ಖಾನೆಯಲ್ಲಿ ಕೈಗೆ ಏಟಾದರೆ, ಆಸ್ಪತ್ರೆ ಚೀಟಿಯಲ್ಲಿ ಏನು ಬರೆದಿದ್ದಾರೆ ಅಂತ ಮೊದಲು ನೋಡಿ

ನಮ್ಮ ಯಜಮಾನರು ಬೆಂಗಳೂರಿನ ಪೀಣ್ಯದ ಒಂದು ಶೀಟ್ ಮೆಟಲ್ ಘಟಕದಲ್ಲಿ ಪವರ್ ಪ್ರೆಸ್ (ತಗಡನ್ನು ಒತ್ತಿ ಆಕಾರ ಕೊಡುವ ಮೆಷಿನ್) ಆಪರೇಟರ್ ಆಗಿದ್ದರು. ಅಲ್ಲೇ ಅವರ ಬಲಗೈಯ ತೋರುಬೆರಳು, ನಡುಬೆರಳು ಎರಡೂ ಹೋದವು. ಅದು ಕಾರ್ಖಾನೆಯಲ್ಲೇ ಆಗಿದ್ದು ಅಂತ ಸಾಬೀತು ಮಾಡೋಕೆ ನಾವು ಪಟ್ಟ ಪಾಡು ಬೇರೆ ಯಾರಿಗೂ ಬೇಡ. ಅದಕ್ಕೇ ಬರೆಯುತ್ತಿದ್ದೇನೆ.

ತಗಡನ್ನು ಡೈ ಅನ್ನುವ ಕೆಳಗಿನ ಅಚ್ಚಿನ ಮೇಲಿಟ್ಟು ಪ್ರೆಸ್ ಓಡಿಸಿದರೆ ಮೇಲಿನ ಅಚ್ಚು, ಅಂದರೆ ಪಂಚ್, ಟನ್‌ಗಟ್ಟಲೆ ಒತ್ತಡದಲ್ಲಿ ಇಳಿಯುತ್ತದೆ. ಎರಡೂ ಕೈಯಿಂದ ಎರಡು ಬಟನ್ ಒಟ್ಟಿಗೆ ಒತ್ತಿದರೆ ಮಾತ್ರ ಅದು ಇಳಿಯುವ ಹಾಗೆ ಮಾಡಿರುತ್ತಾರೆ. ಆಗ ಕೈ ಒಳಗೆ ಇರೋಕೆ ಸಾಧ್ಯವೇ ಇಲ್ಲ. ಇವರ ಮೆಷಿನ್‌ನಲ್ಲಿ ಆ ಬಟನ್ ಬಿಚ್ಚಿ ಕಾಲಿನ ಪೆಡಲ್ ಹಾಕಿದ್ದರು, ಪೀಸ್ ಜಾಸ್ತಿ ಬರಲಿ ಅಂತ. ಕೈ ಒಳಗೆ ಹೋಗದಂತೆ ತಡೆಯುವ ಗಾರ್ಡ್ ಮೂಲೆಯಲ್ಲಿ ಬಿದ್ದಿತ್ತು. ಕ್ಲಚ್ ಸವೆದು, ಒಂದು ಸಲ ತುಳಿದರೆ ಕೆಲವೊಮ್ಮೆ ಎರಡು ಸಲ ಇಳಿಯುತ್ತಿತ್ತು. ಹೇಳಿದಾಗೆಲ್ಲ ‘ಭಾನುವಾರ ಮಾಡಿಸೋಣ’ ಅನ್ನುತ್ತಿದ್ದರು. ಪೀಸ್ ತೆಗೆಯೋಕೆ ಕೈ ಹಾಕಿದಾಗ ಎರಡನೇ ಏಟು ಬಿತ್ತು.

ನಾನು ಗಾರ್ಮೆಂಟ್ಸ್‌ನಿಂದ ಓಡಿ ಬರುವಷ್ಟರಲ್ಲಿ ಸೂಪರ್‌ವೈಸರ್ ಇವರನ್ನು ಓನರ್‌ಗೆ ಪರಿಚಯದ ನರ್ಸಿಂಗ್ ಹೋಮ್‌ಗೆ ಸೇರಿಸಿಯಾಗಿತ್ತು. ಬೆರಳಿನ ತುಂಡುಗಳನ್ನು ಯಾರೋ ನೇರವಾಗಿ ಐಸ್ ಒಳಗೆ ಹಾಕಿ ತಂದಿದ್ದರು. ಹಾಗೆ ಮಾಡಬಾರದು. ಒದ್ದೆ ಮಾಡಿ ಹಿಂಡಿದ ಶುದ್ಧ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರ್‌ಗೆ ಹಾಕಿ ಬಿಗಿಯಾಗಿ ಕಟ್ಟಿ, ಆ ಕವರನ್ನು ಐಸ್ ನೀರಿನಲ್ಲಿ ಇಡಬೇಕು. ಪ್ರೆಸ್‌ನಲ್ಲಿ ಜಜ್ಜಿದ ಬೆರಳು ಮತ್ತೆ ಸೇರೋದು ಕಷ್ಟ, ನಿಜ. ಆದರೆ ಕಟರ್‌ನಲ್ಲಿ ತುಂಡಾಗಿದ್ದರೆ ಇದರಿಂದಲೇ ಉಳಿಯಬಹುದು.

ಆಮೇಲೆ ಚೀಟಿ ನೋಡಿದೆ. ‘ಬೈಕ್ ಚೈನ್‌ಗೆ ಕೈ ಸಿಕ್ಕಿದೆ’ ಅಂತ ಬರೆದಿತ್ತು! ಹೇಳಿದ್ದು ಸೂಪರ್‌ವೈಸರ್. ನಮ್ಮವರಿಗೆ ಪ್ರಜ್ಞೆಯೇ ಸರಿಯಾಗಿರಲಿಲ್ಲ.

ಇದು ಸಣ್ಣ ಸುಳ್ಳಲ್ಲ. ಇಎಸ್‌ಐನಲ್ಲಿ (ನೌಕರರ ರಾಜ್ಯ ವಿಮೆ) ಮಾಮೂಲಿ ಕಾಯಿಲೆ ರಜೆ ಅಂದರೆ ಸಂಬಳದ 70%, ಅದೂ ವರ್ಷಕ್ಕೆ 91 ದಿನ ಮಾತ್ರ. ಕೆಲಸದಲ್ಲಿ ಆದ ಗಾಯ ಅಂದರೆ ವಾಸಿಯಾಗಿ ಕೆಲಸಕ್ಕೆ ಹೋಗುವವರೆಗೂ 90%. ಅಂಗ ಹೋಗಿದ್ದರೆ ಆಮೇಲೆ ಜೀವನಪೂರ್ತಿ ಪಿಂಚಣಿ. ಕೆಲಸಕ್ಕೆ ಸೇರಿದ ಮೊದಲ ದಿನವೇ ಏಟಾದರೂ ಇದು ಸಿಗಬೇಕು. ‘ಬೈಕ್ ಚೈನ್’ ಅಂದುಬಿಟ್ಟರೆ ಇದೆಲ್ಲ ಕೈತಪ್ಪುತ್ತದೆ. ಓನರ್‌ಗೆ ಇದರಿಂದ ಏನು ಲಾಭ ಅಂತೀರಾ? ಅಪಘಾತ ದಾಖಲಾದರೆ ಫ್ಯಾಕ್ಟರಿ ಇನ್ಸ್‌ಪೆಕ್ಟರ್ ಬರುತ್ತಾರೆ, ಗಾರ್ಡ್ ಎಲ್ಲಿ ಅಂತ ಕೇಳುತ್ತಾರೆ.

ನಾನು ಡ್ಯೂಟಿ ಡಾಕ್ಟರ್ ಹತ್ತಿರ ಹೋಗಿ ಜಗಳವನ್ನೇ ಆಡಿದೆ. ಮೊದಲು ಬರೆದದ್ದನ್ನು ತಿದ್ದೋಕೆ ಆಗಲ್ಲ ಅಂದರು. ಇವರಿಗೆ ಪ್ರಜ್ಞೆ ಬಂದ ಮೇಲೆ ಅವರ ಬಾಯಿಂದಲೇ ಕೇಳಿ, ತಾರೀಖು, ಸಮಯ ಹಾಕಿ ಬೇರೆಯಾಗಿ ಬರೆದುಕೊಂಡರು. ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಕೇಸ್ ಅಂತ ದಾಖಲು ಮಾಡಿ, ಪೊಲೀಸರಿಗೂ ತಿಳಿಸಿದರು. ಅದೊಂದು ಕಾಗದ ನಮ್ಮನ್ನು ಉಳಿಸಿತು.

ಮಾರನೇ ದಿನ ಸೂಪರ್‌ವೈಸರ್ ಹಣ್ಣು, ಒಂದಿಷ್ಟು ದುಡ್ಡು, ಜೊತೆಗೆ ಖಾಲಿ ಬಾಂಡ್ ಪೇಪರ್ ತಂದ. ‘ಅಕ್ಕಾ, ಅಣ್ಣನ ಎಡಗೈ ಹೆಬ್ಬೆಟ್ಟು ಒತ್ತಿಸಿ ಸಾಕು, ಮುಂದಿನದು ನಾವು ನೋಡ್ಕೋತೀವಿ’ ಅಂದ. ನಾನು ಒತ್ತಿಸಲಿಲ್ಲ. ನೀವೂ ಒತ್ತಿಸಬೇಡಿ, ಎಷ್ಟೇ ಪರಿಚಯದವರಾಗಿರಲಿ.

ಅಪಘಾತದ ವರದಿ, ಅಂದರೆ ಫಾರಂ 12, ಮಾಲೀಕರೇ ಇಎಸ್‌ಐಗೆ ಕಳಿಸಬೇಕು. ಇವರು ಕಳಿಸಲಿಲ್ಲ. ನಾವೇ ಇಎಸ್‌ಐ ಶಾಖಾ ಕಚೇರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಸೀಲ್ ಹಾಕಿಸಿಕೊಂಡೆವು. ಆ ದಿನದ ಹಾಜರಿ ಪಂಚ್, ಮೆಷಿನ್ ಪಕ್ಕದ ರಕ್ತದ ಫೋಟೋ, ಸೂಪರ್‌ವೈಸರ್‌ನ ವಾಟ್ಸಾಪ್ ಮೆಸೇಜ್, ಇಬ್ಬರು ಜೊತೆಗಾರರ ಹೇಳಿಕೆ ಜೋಡಿಸಿದೆವು. ಆ ಹುಡುಗರು ಕೆಲಸ ಹೋಗುತ್ತೆ ಅಂತ ಗೊತ್ತಿದ್ದೂ ಸಹಿ ಹಾಕಿದರು. ಅವರ ಋಣ ತೀರಿಸೋಕೆ ಆಗಲ್ಲ. ಎರಡು ಥರದ ಹೇಳಿಕೆ ಇದ್ದದ್ದಕ್ಕೆ ತುಂಬಾ ಅಲೆಸಿದರು, ಕೊನೆಗೆ ಕೆಲಸದ ಗಾಯ ಅಂತ ಒಪ್ಪಿದರು.

ದುಡಿಯುವ ಶಕ್ತಿ ಎಷ್ಟು ಹೋಯಿತು ಅಂತ ಡಾಕ್ಟರುಗಳ ಮೆಡಿಕಲ್ ಬೋರ್ಡ್ ಶೇಕಡಾ ಲೆಕ್ಕದಲ್ಲಿ ಹೇಳುತ್ತದೆ; ಅದರ ಮುಂದೆ ಹೋಗುವಾಗ ಕಾನೂನಿನ ಪಟ್ಟಿ ತಿಳಿದಿರಲಿ. ಒಂದು ಕೈಯ ಎರಡು ಬೆರಳು ಪೂರ್ತಿ ಹೋದರೆ 20%, ಹೆಬ್ಬೆರಳೊಂದೇ ಹೋದರೂ 30%, ನಾಲ್ಕು ಬೆರಳಿಗೆ 50%. ದಿನಗೂಲಿ ಸರಾಸರಿ 500 ರೂಪಾಯಿ ಅಂದುಕೊಳ್ಳಿ. ಅದರ 90% ಅಂದರೆ 450, ಅದರಲ್ಲಿ 20% ಅಂದರೆ ದಿನಕ್ಕೆ 90 ರೂಪಾಯಿ, ತಿಂಗಳಿಗೆ ಸುಮಾರು 2,700. ಎರಡು ಬೆರಳಿಗೆ ಇದು ಏನೇನೂ ಅಲ್ಲ, ಆದರೆ ಬದುಕಿರುವವರೆಗೂ ಬರುವ ದುಡ್ಡು. ಬೋರ್ಡ್ ಕಡಿಮೆ ಹಾಕಿದೆ ಅನ್ನಿಸಿದರೆ ಮೇಲ್ಮನವಿ ಹಾಕಬಹುದು.

ಇಎಸ್‌ಐ ವ್ಯಾಪ್ತಿಗೆ ಬರದ ಸಣ್ಣ ಶೆಡ್‌ಗಳಲ್ಲಿ ದುಡಿಯುವವರಿಗೆ ಪರಿಹಾರವನ್ನು ಮಾಲೀಕರೇ ಕೊಡಬೇಕು. ಕೊಡದಿದ್ದರೆ 2 ವರ್ಷದೊಳಗೆ ಕ್ಲೇಮ್ ಹಾಕಬೇಕು. 2025ರ ನವೆಂಬರ್‌ನಲ್ಲಿ ಇಎಸ್‌ಐ ಮತ್ತು ಪರಿಹಾರದ ಹಳೆ ಕಾಯ್ದೆಗಳು ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿವೆ. ಹಾಗಂತ ‘ಈಗ ಪರಿಹಾರ ಇಲ್ಲ’ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ನಿಮ್ಮ ಮೆಷಿನ್‌ನಲ್ಲೂ ಬಟನ್ ಬಿಚ್ಚಿ ಪೆಡಲ್ ಹಾಕಿದ್ದರೆ ಇವತ್ತೇ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆಗೆ ಬರವಣಿಗೆಯಲ್ಲಿ ದೂರು ಕೊಡಿ. ದೂರು ಕೊಟ್ಟವರು ಯಾರು ಅಂತ ಇನ್ಸ್‌ಪೆಕ್ಟರ್ ಹೊರಗೆ ಹೇಳುವ ಹಾಗಿಲ್ಲ.