‘ಪ್ರವೇಶ ಉಚಿತ’ ಎನ್ನುವ ವನ್ಯಜೀವಿ ಫೋಟೊ ಸ್ಪರ್ಧೆ: ಮಕ್ಕಳನ್ನು ಕಳಿಸುವ ಮುನ್ನ ಓದಿ

ಗದಗ, ಹಾವೇರಿ, ಹುಬ್ಬಳ್ಳಿ-ಧಾರವಾಡದ ಕಡೆ ಕ್ಯಾಮೆರಾ ಹಿಡಿದು ಕೆರೆ, ಕುರುಚಲು ಕಾಡು ಸುತ್ತುವ ಮಕ್ಕಳಿರುವ ಮನೆಯವರು ದಯವಿಟ್ಟು ಗಮನಿಸಿ. ‘ಹದಿನೆಂಟರೊಳಗಿನವರಿಗೆ ರಾಷ್ಟ್ರಮಟ್ಟದ ವನ್ಯಜೀವಿ ಛಾಯಾಚಿತ್ರ ಸ್ಪರ್ಧೆ, ಪ್ರವೇಶ ಉಚಿತ’ ಎಂಬ ಪೋಸ್ಟರ್ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. ಪ್ರವೇಶವೇನೋ ಉಚಿತವೇ. ಸುಲಿಗೆ ಶುರುವಾಗುವುದು ಗೆದ್ದ ಮೇಲೆ.

ನನ್ನ ಮಗಳು ಪಿಯುಸಿ ಓದುತ್ತಿದ್ದಾಳೆ. ಗದಗ ಜಿಲ್ಲೆಯ ಮಾಗಡಿ ಕೆರೆಯ ಪಟ್ಟೆತಲೆ ಹೆಬ್ಬಾತುಗಳ ಚಿತ್ರ ಕಳಿಸಿದ್ದಳು. ಹಿಮಾಲಯ ದಾಟಿ ಬರುವ ಹಕ್ಕಿಗಳು ಹೊಲಗಳಲ್ಲಿ ಮೇಯ್ದು ಕೆರೆಗೆ ಇಳಿಯುವ ಹೊತ್ತಿಗಾಗಿ ಚಳಿಯಲ್ಲಿ ಕಾದು ಕುಳಿತು ತೆಗೆದದ್ದು. 2024ರಲ್ಲಿ ಕೆರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತಲ್ಲ, ಈಗ ಇಂಥವರ ಕಣ್ಣೂ ಅದರ ಮೇಲೆ ಬಿದ್ದಿದೆ.

‘ದೇಶದ ಮೊದಲ ಹತ್ತರಲ್ಲಿ ನಿಮ್ಮ ಮಗಳಿದ್ದಾಳೆ ಸರ್’ ಎಂದು ಫೋನ್ ಬಂತು. ಅವಳ ಅಜ್ಜಿ ಓಣಿಗೆಲ್ಲ ಪೇಡೆ ಹಂಚಿದರು. ಮರುದಿನವೇ ಇನ್ನೊಂದು ಕರೆ: ಫ್ರೇಮು, ಪ್ರದರ್ಶನ, ಸಮಾರಂಭದ ನೋಂದಣಿ ಸೇರಿ 4,800 ರೂಪಾಯಿ, ಸಂಜೆಯೊಳಗೆ ಕಟ್ಟದಿದ್ದರೆ ಸ್ಥಾನ ಬೇರೆಯವರಿಗೆ. ಪೇಡೆ ಹಂಚಿದ ಮೇಲೆ ಯಾವ ತಂದೆ ಆಗುವುದಿಲ್ಲ ಎನ್ನುತ್ತಾನೆ? ಕಟ್ಟಿದೆ.

ಹುಬ್ಬಳ್ಳಿಯ ಬಾಡಿಗೆ ಸಭಾಂಗಣಕ್ಕೆ ಹೋದೆವು. ರಾಣೆಬೆನ್ನೂರಿನಿಂದ ಬಂದವರೊಬ್ಬರು ಪಕ್ಕದಲ್ಲಿದ್ದರು. ಅವರ ಮಗನದು ಕೃಷ್ಣಮೃಗದ ಚಿತ್ರ, ಅವನೂ ‘ಮೊದಲ ಹತ್ತು’. ಹಿಂದಿನ ಸಾಲಿನ ಹುಡುಗನೂ ಅಷ್ಟೇ. ಪ್ರಶಸ್ತಿ ಪತ್ರಕ್ಕೆ ನಿಂತ ಮೊದಲ ಹತ್ತು ಜನರ ಸಾಲು ಬಾಗಿಲು ದಾಟಿ ಮೆಟ್ಟಿಲಿಗೆ ಬಂದಿತ್ತು! ಪತ್ರದಲ್ಲಿ ಹೆಸರಿನ ಜಾಗಕ್ಕೆ ಚೀಟಿ ಅಂಟಿಸಿದ್ದರು. ಫ್ರೇಮಿಗೆ ಹೊಂದಿಸಲು ಎಡಗಡೆಯ ಹಕ್ಕಿಯ ರೆಕ್ಕೆಯನ್ನೇ ಕತ್ತರಿಸಿದ್ದರು, ಕೆಳಗೆ ‘ಬಾತುಕೋಳಿ’ ಎಂದು ಬರೆದಿದ್ದರು. ಬಾತುಕೋಳಿ! ಮಗಳು ‘ಅಪ್ಪಾ, ಮನೆಗೆ ಹೋಗೋಣ’ ಎಂದಳು.

ಮೊದಲ ಹತ್ತು ಎಂದರೆ ಎಷ್ಟು ಜನ ಎಂದು ಸಂಘಟಕರನ್ನು ಕೇಳಿದೆ. ‘ವಿಭಾಗವಾರು ಸರ್.’ ಎಷ್ಟು ವಿಭಾಗ? ‘ಅದು ತೀರ್ಪುಗಾರರಿಗೆ ಬಿಟ್ಟದ್ದು.’ ಅವರು ಯಾರು? ‘ಗೋಪ್ಯ ಸರ್, ಪಕ್ಷಪಾತ ಆಗಬಾರದಲ್ಲ.’ ಹಣ ವಾಪಸು ಕೇಳಿದ್ದಕ್ಕೆ, ‘ಮಗಳ ಪ್ರತಿಭೆಗಿಂತ ನಿಮಗೆ ದುಡ್ಡೇ ಹೆಚ್ಚಾಯಿತೇ?’ ಎಂದರು. ಅವಳ ಲೆನ್ಸಿನ ಕಂತು ಇನ್ನೂ ಕಟ್ಟುತ್ತಿರುವ ನನಗೆ ಈ ಮಾತು!

ಅಷ್ಟಕ್ಕೇ ಮುಗಿಯಲಿಲ್ಲ. ಕಳೆದ ತಿಂಗಳು ರೆಸಾರ್ಟ್ ಒಂದರ ಜಾಹೀರಾತಿನಲ್ಲಿ ಅದೇ ಚಿತ್ರ, ಅವಳ ಹೆಸರಿಲ್ಲದೆ. ಸಂಘಟಕರನ್ನು ವಿಚಾರಿಸಿದರೆ ‘ನಿಯಮಗಳಿಗೆ ಒಪ್ಪಿಗೆ ಕೊಟ್ಟಿದ್ದೀರಿ’ ಎಂಬ ಒಂದು ಸಾಲು, ಆಮೇಲೆ ನನ್ನ ನಂಬರ್ ಬ್ಲಾಕ್. ಒಪ್ಪಿಗೆ ಒತ್ತಿದವಳಿಗೆ ಇನ್ನೂ ಹದಿನೇಳು. ಹದಿನೆಂಟು ತುಂಬದವರು ಮಾಡಿಕೊಂಡ ಕರಾರು ನಮ್ಮ ಕಾನೂನಿನಲ್ಲಿ ನಿಲ್ಲುವುದಿಲ್ಲ ಎಂದು ಪರಿಚಯದ ವಕೀಲರು ಹೇಳಿದ್ದಾರೆ. ನೋಟಿಸು ಸಿದ್ಧವಾಗುತ್ತಿದೆ.

ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ನಡೆಸುವ ಸ್ಪರ್ಧೆಯಲ್ಲೇ 17 ವರ್ಷದವರೆಗಿನವರಿಗೆ ಪ್ರವೇಶ ಶುಲ್ಕವಿಲ್ಲ. ಅಂಥ ಕಡೆ ಚಿತ್ರ ಕೊನೆಯ ಸುತ್ತಿಗೆ ಬಂದರೆ ರಾ ಫೈಲ್ (ಕ್ಯಾಮೆರಾದಲ್ಲಿ ದಾಖಲಾದ, ತಿದ್ದದ ಮೂಲ ಕಡತ) ಕೇಳುತ್ತಾರೆ, ತಿದ್ದಿದ್ದೀರಾ ಎಂದು ಪರೀಕ್ಷಿಸುತ್ತಾರೆ. ಇವರು ರಾ ಫೈಲ್ ಕೇಳಲೇ ಇಲ್ಲ, ಗೂಗಲ್ ಪೇ ಮಾಡಿದ ಸ್ಕ್ರೀನ್‌ಶಾಟ್ ಮಾತ್ರ ಕೇಳಿದರು. ಗೆದ್ದಿದ್ದೀರಿ ಎಂದು ಹೇಳಿ ಹಣ ಕೇಳಿದರೆ ಫೋನ್ ಇಡಿ. ಈಗಾಗಲೇ ಕಟ್ಟಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹೊಸ ಪೋಸ್ಟರಿನಲ್ಲಿ ಈ ಸಲ ಕಪ್ಪತಗುಡ್ಡದ ಹೆಸರು ಹಾಕಿದ್ದಾರೆ, ಫೋನ್ ನಂಬರ್ ಮಾತ್ರ ಅದೇ.