ಹುಡುಗನಿಗೆ ಐದು ಸ್ಟಾರ್, ಅವನನ್ನು ಕಳಿಸಿದ ಆಫೀಸಿಗೆ ಎರಡು

ರೋಗಿಗಳನ್ನು ಮನೆಯಲ್ಲೇ ನೋಡಿಕೊಳ್ಳೋಕೆ ಅಟೆಂಡರ್ ಕಳಿಸುವ ಏಜೆನ್ಸಿಯಿಂದ ನಿನ್ನೆ ಫೋನ್ ಬಂದಿತ್ತು. "ನಮ್ಮ ಸರ್ವೀಸ್‌ಗೆ ಹತ್ತಕ್ಕೆ ಎಷ್ಟು ಕೊಡ್ತೀರಾ ಮೇಡಂ?" ಅಂತ. ನಮ್ಮಪ್ಪನ್ನ ನೋಡಿಕೊಂಡ ಹುಡುಗನಿಗಾ, ನಿಮಗಾ ಅಂತ ಕೇಳಿದೆ. "ಒಂದೇ ನಂಬರ್ ಹೇಳ್ಬೇಕು ಮೇಡಂ" ಅಂದಳು. ಒಂದೇ ನಂಬರಿನಲ್ಲಿ ಹೇಳೋಕೆ ಆಗಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಅಪ್ಪನಿಗೆ 79. ಬಚ್ಚಲುಮನೆಯಲ್ಲಿ ಜಾರಿ ಬಿದ್ದು ಸೊಂಟದ ಹತ್ತಿರ ಮೂಳೆ ಮುರಿಯಿತು, ಅರ್ಧ ಕೀಲು ಬದಲಿಸುವ ಆಪರೇಷನ್ ಆಯಿತು, ಮಾರನೇ ದಿನವೇ ವಾಕರ್ ಹಿಡಿಸಿ ನಿಲ್ಲಿಸಿದರು, ಆರನೇ ದಿನ ಡಿಸ್ಚಾರ್ಜ್. ಅಮ್ಮನಿಗೆ ಮಂಡಿನೋವು, ನಾವಿಬ್ಬರೂ ಕೆಲಸಕ್ಕೆ ಹೋಗಬೇಕು, ತಮ್ಮ ಇರೋದು ನ್ಯೂಜೆರ್ಸಿಯಲ್ಲಿ. ಹನುಮಂತನಗರದ ನಮ್ಮ ರಸ್ತೆಯೊಂದರಲ್ಲೇ ಈಗ ನಾಲ್ಕು ಮನೆಗೆ ಅಟೆಂಡರ್‌ಗಳು ಬರುತ್ತಾರೆ. ಬೆಳಿಗ್ಗೆ ಎಂಟಕ್ಕೆ ಗೇಟುಗಳ ಹತ್ತಿರ ನೋಡಬೇಕು, ಫ್ಯಾಕ್ಟರಿ ಶಿಫ್ಟ್ ಬಿಟ್ಟ ಹಾಗಿರುತ್ತೆ. ಪಕ್ಕದ ಮನೆಯವರು ಕೊಟ್ಟ ನಂಬರಿಗೇ ನಾನೂ ಫೋನ್ ಮಾಡಿದೆ. ಹನ್ನೆರಡು ಗಂಟೆಯ ಶಿಫ್ಟಿಗೆ 950 ರೂಪಾಯಿ, ಡೆಪಾಸಿಟ್ ಹತ್ತು ಸಾವಿರ.

"ಟ್ರೈನ್ಡ್ ನರ್ಸ್ ಕಳಿಸ್ತೀವಿ" ಅಂದರು. ಬಂದವನು ನರ್ಸ್ ಅಲ್ಲ. ನರ್ಸ್ ಅಂದ್ರೆ ಜಿಎನ್‌ಎಂ ಅನ್ನುವ ನರ್ಸಿಂಗ್ ಡಿಪ್ಲೊಮಾ ಅಥವಾ ಬಿಎಸ್ಸಿ ನರ್ಸಿಂಗ್ ಓದಿ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ಇರುವವರು. ಅಟೆಂಡರ್‌ಗಳದ್ದು ಜಿಡಿಎ, ಅಂದ್ರೆ ಜನರಲ್ ಡ್ಯೂಟಿ ಅಸಿಸ್ಟೆಂಟ್ ಅನ್ನೋ ಕೆಲವು ತಿಂಗಳ ತರಬೇತಿ, ಅವರು ಸ್ನಾನ, ಡೈಪರ್, ಊಟ, ನಡೆಸೋದು ಇಷ್ಟನ್ನು ನೋಡಿಕೊಳ್ಳಬೇಕು, ಇಂಜೆಕ್ಷನ್ ಮುಟ್ಟುವ ಹಾಗಿಲ್ಲ. ನಮಗೆ ಬೇಕಾಗಿದ್ದದ್ದೂ ಅಟೆಂಡರೇ, ಅದರಲ್ಲಿ ತಪ್ಪಿಲ್ಲ. ಆದರೆ ಈ ಮೊದಲನೇ ಆಸಾಮಿಗೆ ಆ ತರಬೇತಿಯೂ ಇದ್ದ ಹಾಗೆ ಕಾಣಲಿಲ್ಲ. ಎರಡನೇ ದಿನ ಸ್ನಾನಕ್ಕೆ ಅಂತ ಅಪ್ಪನನ್ನು ಬಚ್ಚಲಿನ ಗಿಡ್ಡ ಪ್ಲಾಸ್ಟಿಕ್ ಸ್ಟೂಲ್ ಮೇಲೆ ಕೂರಿಸಲು ಹೊರಟಿದ್ದ! ಈ ಆಪರೇಷನ್ ಆದವರು ತಗ್ಗಿನಲ್ಲಿ ಕೂರಬಾರದು, ಮಂಡಿ ಸೊಂಟಕ್ಕಿಂತ ಮೇಲೆ ಬಂದರೆ ಕೀಲು ಜಾರಿಬಿಡಬಹುದು, ಡಿಸ್ಚಾರ್ಜ್ ದಿನ ಡಾಕ್ಟರು ಮೂರು ಸಲ ಹೇಳಿದ್ದರು. ಪುಣ್ಯಕ್ಕೆ ನಾನು ಅವತ್ತು ಮನೆಯಲ್ಲಿದ್ದೆ. ಬೇರೆಯವರನ್ನು ಕಳಿಸಿ ಅಂದ್ರೆ ಮೂರು ದಿನ ಬರೀ "ಅರೇಂಜ್ ಮಾಡ್ತಿದೀವಿ ಮೇಡಂ". ನಾನು ರಜೆ ಹಾಕಿ ಕೂತೆ.

ಆಮೇಲೆ ಬಂದ ನೋಡಿ ಈ ಹುಡುಗ. ರಾಯಚೂರು ಕಡೆಯವನು, ಇಪ್ಪತ್ತಮೂರೋ ಇಪ್ಪತ್ತನಾಲ್ಕೋ ಇರಬೇಕು. ಬಂದವನೇ ಮಂಚದ ಎತ್ತರ ನೋಡಿದ, ಬಚ್ಚಲಿಗೆ ಹೋಗಿ ಆ ಸ್ಟೂಲ್ ಎತ್ತಿ ಅಟ್ಟಕ್ಕೆ ಹಾಕಿದ, ಕೈ ಇರುವ ಎತ್ತರದ ಕಮೋಡ್ ಚೇರ್ ಬಾಡಿಗೆಗೆ ತರಿಸಿ ಅಂದ. ಮುಟ್ಟುವ ಮುಂಚೆ ಹೇಳುತ್ತಿದ್ದ: "ಯಜಮಾನ್ರ, ಈಗ ಹೊಳ್ಳಸ್ತೀನ್ರಿ, ಕಾಲು ಸಡ್ಲ ಬಿಡ್ರಿ." ಎರಡು ಕಾಲಿನ ಮಧ್ಯೆ ದಿಂಬು ಇಟ್ಟೇ ಮಗ್ಗುಲು ತಿರುಗಿಸೋದು. ಬೆನ್ನಿನ ಕೆಳಗೆ ಕೆಂಪಾಗಿದೆಯಾ ಅಂತ ದಿನಾ ಮೊಬೈಲ್ ಟಾರ್ಚ್ ಬಿಟ್ಟು ನೋಡೋದು. ಒಂದು ಸಲ ಹಾಸಿಗೆ ಹುಣ್ಣಾದರೆ ಆಮೇಲೆ ಮಾಯೋದು ಎಷ್ಟು ಕಷ್ಟ ಅಂತ ನಮ್ಮ ದೊಡ್ಡಮ್ಮನ ವಿಷಯದಲ್ಲಿ ನೋಡಿದ್ದೇನೆ, ಅದಕ್ಕೇ ಇದು ನನಗೆ ದೊಡ್ಡದಾಗಿ ಕಂಡಿತು. ಎಬ್ಬಿಸುವಾಗ ಕಂಕುಳಿಗೆ ಕೈ ಹಾಕಿ ಎಳೆಯುತ್ತಿರಲಿಲ್ಲ. ಆಪರೇಷನ್ ಆದ ಕಾಲು ಮುಂದಕ್ಕೆ ಚಾಚಿಸಿ, ಎರಡೂ ಕೈ ಕುರ್ಚಿಯ ಹಿಡಿಗೆ ಊರಿಸಿ, ಅಪ್ಪನೇ ಏಳುವವರೆಗೂ ಕಾಯುತ್ತಿದ್ದ. ನಡೆಸುವಾಗ ಒಂದು ಪದ್ಯದ ಹಾಗೆ, "ಮೊದ್ಲ ವಾಕರ್ರಿ, ಆಮ್ಯಾಲ ಆ ಕಾಲ್ರಿ, ಆಮ್ಯಾಲ ಚಲೋ ಕಾಲ್ರಿ." ಮೊದಲ ವಾರ "ಇವನ ಮಾತೇ ಅರ್ಥ ಆಗಲ್ಲ" ಅಂತಿದ್ದ ಅಪ್ಪ ಎರಡನೇ ತಿಂಗಳಿಗೆ ಅಮ್ಮನ ಹತ್ತಿರ "ಚಾ ಆಯ್ತೇನ್ರಿ" ಅನ್ನೋಕೆ ಶುರು ಮಾಡಿದರು.

ಫಿಸಿಯೋ ಬೇರೆ ಬರುತ್ತಿದ್ದರು, ವಾರಕ್ಕೆ ಮೂರು ದಿನ. ಪರವಾಗಿಲ್ಲ.

ಒಂದು ದಿನ ಮಾತಿಗೆ ಮಾತು ಬಂದಾಗ ಗೊತ್ತಾಯಿತು, ನಾವು ಕೊಡುವ 950ರಲ್ಲಿ ಅವನ ಕೈಗೆ ಸೇರೋದು 550. ಜ್ವರ ಬಂದು ಒಂದು ದಿನ ತಪ್ಪಿಸಿಕೊಂಡರೆ ಅದೂ ಇಲ್ಲ. ಉಳಿದ ನಾನೂರಕ್ಕೆ ಆಫೀಸಿನವರು ಮಾಡಿದ್ದೇನು ಅಂದ್ರೆ ಬಿಲ್ ಕಳಿಸಿದ್ದು. ಅವನು ಊರಿಗೆ ಹೋದ ನಾಲ್ಕು ದಿನ ಬದಲಿ ಕಳಿಸಿ ಅಂದರೆ ಒಬ್ಬರೂ ಬರಲಿಲ್ಲ, ಕರಾರಿನಲ್ಲಿ ಮಾತ್ರ "ರೀಪ್ಲೇಸ್‌ಮೆಂಟ್ 24 ಗಂಟೆಯಲ್ಲಿ" ಅಂತ ದಪ್ಪ ಅಕ್ಷರದಲ್ಲಿದೆ.

ದುಡ್ಡಿನ ವಿಷಯ ಇನ್ನೊಂದು. 70 ತುಂಬಿದವರಿಗೆಲ್ಲ ಅಂತ 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಆಯುಷ್ಮಾನ್ ಕಾರ್ಡ್ ಶುರು ಮಾಡಿತು, ವರ್ಷಕ್ಕೆ 5 ಲಕ್ಷದವರೆಗೆ, ಅದರಲ್ಲೇ ಇದೂ ಬರುತ್ತೆ ಅಂದುಕೊಂಡಿದ್ದೆ. ಅದು ಆಸ್ಪತ್ರೆಗೆ ಸೇರಿದ ಚಿಕಿತ್ಸೆಗೆ. ತಿಂಗಳುಗಟ್ಟಲೆ ಮನೆಗೆ ಬರುವ ಅಟೆಂಡರ್ ಖರ್ಚು ಪೂರ್ತಿ ನಮ್ಮದೇ. ಮೂರು ತಿಂಗಳಿಗೆ ಲೆಕ್ಕ ಹಾಕಿಕೊಂಡು ಇಳಿಯಿರಿ.

ನೀವು ಯಾರನ್ನಾದರೂ ಗೊತ್ತು ಮಾಡಿಕೊಳ್ಳುವುದಾದರೆ ಪ್ಯಾಕೇಜ್ ಹೆಸರು ಕೇಳಬೇಡಿ, ಬರುವ ವ್ಯಕ್ತಿಯ ಜೊತೆಗೇ ಮೊದಲು ಫೋನಿನಲ್ಲಿ ಮಾತಾಡಿ. ನಿಮ್ಮ ರೋಗಿಗೆ ಆಗಿರುವ ಆಪರೇಷನ್ ಹೇಳಿ, ಸ್ನಾನ ಹೇಗೆ ಮಾಡಿಸ್ತೀಯಪ್ಪ ಅಂತ ಕೇಳಿ. ಉತ್ತರದಲ್ಲೇ ಗೊತ್ತಾಗುತ್ತೆ.

ಅಪ್ಪ ಈಗ ಕೋಲು ಹಿಡಿದು ಗೇಟಿನವರೆಗೆ ಹೋಗುತ್ತಾರೆ. ಹುಡುಗ ಜಯನಗರದಲ್ಲಿ ಇನ್ನೊಬ್ಬ ಅಜ್ಜನ ಹತ್ತಿರ ಇದ್ದಾನೆ, ಭಾನುವಾರ ಫೋನ್ ಮಾಡಿ ಎಷ್ಟು ನಡೆದಿರಿ ಅಂತ ವಿಚಾರಿಸುತ್ತಾನೆ. ಡೆಪಾಸಿಟ್ ಮಾತ್ರ ಐದು ವಾರವಾದರೂ ವಾಪಸ್ ಬಂದಿಲ್ಲ. ನಿನ್ನೆ ಹತ್ತಕ್ಕೆ ಎಷ್ಟು ಅಂತ ಕೇಳಿದಳಲ್ಲ, ಅವಳನ್ನೇ ಕೇಳಿದೆ. ಅದು ಬೇರೆ ಡಿಪಾರ್ಟ್‌ಮೆಂಟ್ ಅಂತೆ.