ಯಕ್ಷಗಾನದ ವಿಸಿಡಿಯಿಂದ ಮದುವೆಯ 4ಕೆ ತನಕ: ಕೋಡಿ, ಜೆಲ್ಲಿಫಿನ್ ಎದುರುಬದುರು

ಮಂಗಳೂರು, ಉಡುಪಿ ಕಡೆಯ ಮನೆಗಳ ಕಪಾಟಿನಿಂದ ಹೊರಬರುವ ವಿಡಿಯೊಗಳು ಒಂದೇ ಜಾತಿಯವಲ್ಲ. ಹಳೆಯ ಯಕ್ಷಗಾನ ವಿಸಿಡಿ, ಅಂಗಡಿಯಲ್ಲಿ ಕ್ಯಾಸೆಟ್‌ನಿಂದ ಇಳಿಸಿಕೊಂಡ ಗೃಹಪ್ರವೇಶದ ಡಿವಿಡಿ, ಎಂಟು ಗಂಟೆಯ ಬಯಲಾಟದ ಒಂದೇ ಫೈಲು, ಸ್ಟುಡಿಯೊದವರು ಪೆನ್‌ಡ್ರೈವ್‌ನಲ್ಲಿ ಕೊಟ್ಟ 4ಕೆ ಮದುವೆ, ತಾಳಮದ್ದಳೆಯ ಎಂಪಿ3. ಇಷ್ಟನ್ನೂ ಒಂದು ಡಿಸ್ಕ್‌ಗೆ ಹಾಕಿ ಟಿವಿಯಲ್ಲಿ ನೋಡಲು ಯಾವ ಮುಕ್ತ ತಂತ್ರಾಂಶ ಒಳ್ಳೆಯದು? ಮೆನುವಿನ ಅಂದಚಂದ ನೋಡಿ ಇದನ್ನು ತೀರ್ಮಾನಿಸಬಾರದು. ಫೈಲುಗಳು ಯಾವ ಕಾಲದವು, ನೋಡುವವರು ಎಲ್ಲಿದ್ದಾರೆ ಎಂಬ ಎರಡೇ ಸಂಗತಿ ಮುಖ್ಯ.

ಪರೀಕ್ಷೆಗೆ ಇಟ್ಟುಕೊಂಡದ್ದು ಎರಡು ಪೆಟ್ಟಿಗೆ. ಒಂದು, 4 ಜಿಬಿಯ ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರು, ಅದರಲ್ಲಿ ಕೋಡಿ ಓಡಿಸಲೆಂದೇ ಇರುವ ಲಿಬ್ರೆಎಲೆಕ್ 12 ಎಂಬ ಲಿನಕ್ಸ್, ಅಂದರೆ ಒಳಗೆ ಕೋಡಿ 21. ಇನ್ನೊಂದು, ಇಂಟೆಲ್ ಎನ್100 ಚಿಪ್ಪಿನ, 8 ಜಿಬಿ ರ‍್ಯಾಮ್‌ನ ಮಿನಿ ಪಿಸಿ, ಅದರಲ್ಲಿ ಡೆಬಿಯನ್ 12 ಎಂಬ ಲಿನಕ್ಸ್ ಮೇಲೆ ಜೆಲ್ಲಿಫಿನ್ 10.10. ಮೂರನೆಯದಾಗಿ ಮಿನಿಡಿಎಲ್‌ಎನ್‌ಎಯನ್ನೂ ನೋಡಿದ್ದಾಯಿತು. ಅದು ಫೈಲನ್ನು ಹಾಗೇ ಟಿವಿಗೆ ಒಪ್ಪಿಸುತ್ತದೆ, ಟಿವಿಗೆ ಆ ಫಾರ್ಮ್ಯಾಟ್ ಗೊತ್ತಿಲ್ಲದಿದ್ದರೆ ಅಲ್ಲಿಗೆ ಮುಗಿಯಿತು. ಹೊಸ ಎಂಪಿ4 ಫೈಲುಗಳಷ್ಟೇ ಇರುವ ಮನೆಗೆ ಸಾಕು, ಹಳೆಯ ಸಂಗ್ರಹಕ್ಕೆ ಸಾಲದು.

ಕೋಡಿ ಮತ್ತು ಜೆಲ್ಲಿಫಿನ್ ಮಾಡುವ ಕೆಲಸವೇ ಬೇರೆ ಬೇರೆ. ಎಕ್ಸ್‌ಬಿಎಂಸಿ ಎಂಬ ಹೆಸರಿನಲ್ಲಿದ್ದು 2014ರಲ್ಲಿ ಹೆಸರು ಬದಲಿಸಿಕೊಂಡ ಕೋಡಿ ಒಂದು ಪ್ಲೇಯರ್. ಟಿವಿಗೆ ಎಚ್‌ಡಿಎಂಐ ವೈರಿನಿಂದ ನೇರ ಸೇರುತ್ತದೆ, ಡಿಸ್ಕ್‌ನಲ್ಲಿರುವುದನ್ನು ತಾನೇ ಬಿಡಿಸಿ ತೋರಿಸುತ್ತದೆ. ಎಂಬಿ ಎಂಬ ಸರ್ವರ್ ತನ್ನ ಆಕರವನ್ನು (ಸೋರ್ಸ್ ಕೋಡ್) ಮುಚ್ಚಿದ್ದರಿಂದ 2018ರ ಡಿಸೆಂಬರ್‌ನಲ್ಲಿ ಕವಲೊಡೆದ ಜೆಲ್ಲಿಫಿನ್ ಒಂದು ಸರ್ವರ್. ಅದು ಮನೆಯ ಮೂಲೆಯಲ್ಲಿ ಕೂತು ಫೋನು, ಬ್ರೌಸರು, ಟಿವಿಯ ಆ್ಯಪ್‌ಗಳಿಗೆ ವಿಡಿಯೊ ಕಳಿಸುತ್ತದೆ. ಎದುರಿನ ಸಾಧನಕ್ಕೆ ಆ ಫಾರ್ಮ್ಯಾಟ್ ಅರ್ಥವಾಗದಿದ್ದರೆ ಆ ಕ್ಷಣವೇ ಬೇರೆ ರೂಪಕ್ಕೆ ಪರಿವರ್ತಿಸಬೇಕಾಗುತ್ತದೆ. ಈ ಪರಿವರ್ತನೆಯಲ್ಲೇ ಅರ್ಧ ಎಡವಟ್ಟುಗಳು ಹುಟ್ಟುತ್ತವೆ.

ಹಳೆಯ ವಿಸಿಡಿ, ಡಿವಿಡಿ

ಹೋಲಿಕೆಯಲ್ಲಿ ಅತಿ ಹೆಚ್ಚು ಅಂತರ ಕಂಡದ್ದು ಇಲ್ಲಿ. ವಿಸಿಡಿಯ ವಿಡಿಯೊ ಎಂಪೆಗ್-1, ಅಳತೆ 352×288. ಡಿವಿಡಿಯದು ಎಂಪೆಗ್-2, 720×576, ಸೆಕೆಂಡಿಗೆ 25 ಫ್ರೇಮು, ಅದರಲ್ಲೂ ಕ್ಯಾಸೆಟ್‌ನಿಂದ ಇಳಿಸಿದ್ದಾದರೆ ಇಂಟರ್‌ಲೇಸ್ಡ್. ಅಂದರೆ ಒಂದೊಂದು ಫ್ರೇಮಿನಲ್ಲೂ ಸೆಕೆಂಡಿನ ಐವತ್ತನೇ ಒಂದು ಭಾಗ ಅಂತರದ ಎರಡು ಅರೆಚಿತ್ರಗಳು ಗೆರೆಬಿಟ್ಟು ಗೆರೆ ಹೆಣೆದುಕೊಂಡಿರುತ್ತವೆ. ಪೈ 4ಕ್ಕೆ ಎಂಪೆಗ್-2 ಬಿಡಿಸುವ ಪ್ರತ್ಯೇಕ ಹಾರ್ಡ್‌ವೇರ್ ಇಲ್ಲ. ಆದರೆ ಈ ಅಳತೆಗೆ ಅದರ ಪ್ರೊಸೆಸರ್ ಧಾರಾಳ ಸಾಕು. ಕೋಡಿ ಡಿವಿಡಿ ಫೋಲ್ಡರನ್ನು ಮೆನು ಸಮೇತ ತೆರೆಯುತ್ತದೆ, ಅರೆಚಿತ್ರಗಳನ್ನು ಬಿಡಿಸಿ ತೋರಿಸುತ್ತದೆ. ಬೇರೇನೂ ಮಾಡಬೇಕಾಗಿಲ್ಲ.

ಜೆಲ್ಲಿಫಿನ್‌ನಲ್ಲಿ ಹಾಗಲ್ಲ. ಯಾವ ಬ್ರೌಸರೂ ಎಂಪೆಗ್-2 ಆಡಿಸುವುದಿಲ್ಲ, ಹಾಗಾಗಿ ಪ್ರತಿ ಸಲವೂ ಪರಿವರ್ತನೆ ಆಗಲೇಬೇಕು. ಡ್ಯಾಶ್‌ಬೋರ್ಡ್‌ನ ಟ್ರಾನ್ಸ್‌ಕೋಡಿಂಗ್ (ಪರಿವರ್ತನೆ) ಪುಟದಲ್ಲಿ, ಡೀಇಂಟರ್‌ಲೇಸ್ ಮಾಡುವಾಗ ಅಂದರೆ ಆ ಅರೆಚಿತ್ರಗಳನ್ನು ಬಿಡಿಸುವಾಗ ಫ್ರೇಮ್‌ರೇಟ್ ದ್ವಿಗುಣಗೊಳಿಸುವ ಒಂದು ಆಯ್ಕೆ ಇದೆ. ಅದಕ್ಕೆ ಟಿಕ್ ಹಾಕದಿದ್ದರೆ ಐವತ್ತು ಅರೆಚಿತ್ರಗಳು ಇಪ್ಪತ್ತೈದು ಫ್ರೇಮಿಗೆ ಇಳಿಯುತ್ತವೆ. ಮಾತುಕತೆಯ ದೃಶ್ಯದಲ್ಲಿ ಗೊತ್ತಾಗದು. ತೆಂಕುತಿಟ್ಟಿನ ದಿಗಿಣ ಬಂದಾಗ ಕಣ್ಣಿಗೆ ಹೊಡೆಯುತ್ತದೆ: ವೇಷಧಾರಿ ಸುತ್ತುತ್ತಿಲ್ಲ, ಜಾಗದಿಂದ ಜಾಗಕ್ಕೆ ಜಿಗಿಯುತ್ತಿದ್ದಾನೆ ಎನ್ನಿಸುತ್ತದೆ. ಟಿಕ್ ಹಾಕಿ, ಡೀಇಂಟರ್‌ಲೇಸ್ ವಿಧಾನವನ್ನು ಬಿಡಬ್ಲ್ಯುಡಿಐಎಫ್‌ಗೆ (BWDIF) ಬದಲಿಸಿದರೆ ಕುಣಿತ ಮತ್ತೆ ನುಣುಪಾಗುತ್ತದೆ.

ಡಿವಿಡಿ ಫೋಲ್ಡರನ್ನು ಜೆಲ್ಲಿಫಿನ್‌ಗೆ ಹಾಗೇ ಕೊಡುವುದಕ್ಕಿಂತ ಮೊದಲೇ ಒಂದು ಎಂಕೆವಿ ಫೈಲು ಮಾಡಿಡುವುದು ಮೇಲು. ಡಿವಿಡಿಯಲ್ಲಿ ವಿಡಿಯೊ ಸುಮಾರು 1 ಜಿಬಿಯ ತುಂಡುಗಳಾಗಿರುತ್ತದೆ. ಮೆನುವಿಗೆ ಸೇರಿದ, ಹೆಸರಿನ ಕೊನೆಯಲ್ಲಿ ಸೊನ್ನೆ ಇರುವ ತುಂಡನ್ನು ಬಿಟ್ಟು ಉಳಿದವನ್ನು ಕ್ರಮವಾಗಿ ಜೋಡಿಸಿ ಎಫ್‌ಎಫ್‌ಎಂಪೆಗ್ ಎಂಬ ವಿಡಿಯೊ ಉಪಕರಣದ ಕಾಪಿ ಮೋಡ್‌ನಿಂದ ಎಂಕೆವಿಗೆ ಹಾಕಿ. ವಿಡಿಯೊ ಮತ್ತೆ ಎನ್‌ಕೋಡ್ ಆಗದ ಕಾರಣ ಗುಣಮಟ್ಟ ಕೂದಲಷ್ಟೂ ಕಡಿಮೆಯಾಗದು.

ಡಿಸ್ಕ್‌ನಿಂದ ಇಳಿಸುವ ಹಂತದಲ್ಲೇ ಹಲವರು ಸೋಲುತ್ತಾರೆ. ಲಿನಕ್ಸ್‌ನಲ್ಲಿ ವಿಸಿಡಿಯ ಡ್ಯಾಟ್ ಫೈಲನ್ನು ಸುಮ್ಮನೆ ಕಾಪಿ ಮಾಡಲು ಹೋದರೆ ಡಿಸ್ಕ್ ಚೆನ್ನಾಗಿದ್ದರೂ ಓದುವ ದೋಷ ಬರುತ್ತದೆ. ವಿಸಿಡಿಯ ವಿಡಿಯೊ ಭಾಗ ಸಾಮಾನ್ಯ ಡೇಟಾ ಸಿಡಿಗಿಂತ ಬೇರೆ ನಮೂನೆಯ ಸೆಕ್ಟರುಗಳಲ್ಲಿ ಬರೆದಿರುವುದು ಇದಕ್ಕೆ ಕಾರಣ. ಡಿಸ್ಕ್ ಹಾಳಾಗಿದೆ ಎಂದು ಎಸೆಯಬೇಡಿ. ವಿಸಿಡಿಇಮೇಜರ್ ಪ್ಯಾಕೇಜಿನ ವಿಸಿಡಿಎಕ್ಸ್‌ರಿಪ್ ಇದನ್ನು ಸರಿಯಾಗಿ ಓದಿ ಎಂಪಿಜಿ ಫೈಲು ಕೊಡುತ್ತದೆ. ನಿಜಕ್ಕೂ ಗೀರು, ಬೂಷ್ಟು ಇರುವ ಡಿವಿಡಿಗೆ ಗ್ನೂ ಡಿಡಿರೆಸ್ಕ್ಯೂ ಎಂಬ ಉಪಕರಣ ಬೇಕು. ಸೆಕ್ಟರ್ ಅಳತೆ 2048, ಮರುಪ್ರಯತ್ನ 3 ಎಂದು ಕೊಟ್ಟು, ಎಲ್ಲಿಯವರೆಗೆ ಓದಿದೆ ಎಂದು ಗುರುತಿಡುವ ಮ್ಯಾಪ್ ಫೈಲ್ ಇಟ್ಟುಕೊಂಡರೆ ಅದೇ ಡಿಸ್ಕನ್ನು ಬೇರೆ ಡ್ರೈವಿಗೆ ಹಾಕಿ ನಿಂತಲ್ಲಿಂದ ಮುಂದುವರಿಸಬಹುದು. ಒಂದು ಡ್ರೈವ್ ಓದದ್ದನ್ನು ಇನ್ನೊಂದು ಓದುವುದು ಅಪರೂಪವಲ್ಲ.

ಮದುವೆಯ 4ಕೆ

ಇಲ್ಲಿ ಪೈ 4 ಸೋಲುತ್ತದೆ. ವಿಡಿಯೊ ಕುಗ್ಗಿಸುವ ಎರಡು ವಿಧಾನಗಳಲ್ಲಿ ಹೊಸದಾದ ಎಚ್.265 ಅನ್ನು ಅದರ ಹಾರ್ಡ್‌ವೇರ್ 4ಕೆ 60 ಫ್ರೇಮಿನವರೆಗೆ ಬಿಡಿಸುತ್ತದೆ, ಹಳೆಯ ಎಚ್.264 ಆದರೆ 1080ಪಿ ವರೆಗೆ ಮಾತ್ರ. ಸ್ಟುಡಿಯೊದವರು ಕೊಡುವ 4ಕೆ ಫೈಲು ಎಚ್.264 ಆಗಿದ್ದರೆ ಧ್ವನಿ ಮುಂದೆ ಹೋಗಿ ಚಿತ್ರ ತಡವರಿಸುತ್ತದೆ. ಪೈ 5 ತಂದರೆ ಸರಿಯಾದೀತೆಂದು ಎಣಿಸಬೇಡಿ. ಅದರಲ್ಲಿ ಎಚ್.264 ಹಾರ್ಡ್‌ವೇರನ್ನೇ ತೆಗೆದಿದ್ದಾರೆ. 1080ಪಿಯನ್ನು ಪ್ರೊಸೆಸರಿನ ಬಲದಿಂದ ಸಲೀಸಾಗಿ ಆಡಿಸುತ್ತದೆ, ಭಾರೀ ಬಿಟ್‌ರೇಟಿನ 4ಕೆಗೆ ಅದನ್ನು ನಂಬುವಂತಿಲ್ಲ. ಎನ್100 ಎರಡನ್ನೂ ನೀರು ಕುಡಿದ ಹಾಗೆ ಬಿಡಿಸುತ್ತದೆ. ಮದುವೆ ಬುಕ್ ಮಾಡುವಾಗಲೇ ಅಂತಿಮ ಪ್ರತಿಯನ್ನು ಎಚ್.265ರಲ್ಲಿ, 4:2:0 ಎಂಬ ಬಣ್ಣದ ರೂಪದಲ್ಲಿ ಕೇಳಿಕೊಳ್ಳಿ. ಕ್ಯಾಮೆರಾದ ಮೂಲ 4:2:2 ಫೈಲನ್ನೇ ಕೊಟ್ಟರೆ ಪೈನ ಯಾವ ಮಾದರಿಯೂ ಹಾರ್ಡ್‌ವೇರಿನಿಂದ ಬಿಡಿಸದು.

ಪೈ 4ರಲ್ಲಿ 4ಕೆ 60 ಬೇಕಿದ್ದರೆ ಕಾನ್ಫಿಗ್ ಫೈಲಿನಲ್ಲಿ ಅದಕ್ಕೆಂದೇ ಇರುವ ಎಚ್‌ಡಿಎಂಐ ಸಾಲನ್ನು 1 ಮಾಡಬೇಕು, ಮತ್ತು ವೈರನ್ನು ಪವರ್ ಸಾಕೆಟ್‌ಗೆ ಹತ್ತಿರದ ಮೈಕ್ರೊ ಎಚ್‌ಡಿಎಂಐ ಕಿಂಡಿಗೇ ಹಾಕಬೇಕು.

ಇಡೀ ರಾತ್ರಿಯ ಆಟ

ಸೆಕೆಂಡಿಗೆ 5 ಮೆಗಾಬಿಟ್ ಲೆಕ್ಕದಲ್ಲಿ ಎಂಟು ಗಂಟೆಯ ಆಟ 18 ಜಿಬಿ. ಎಫ್‌ಎಟಿ32 ಪೆನ್‌ಡ್ರೈವ್ 4 ಜಿಬಿ ದಾಟಿದ ಫೈಲನ್ನು ಹಿಡಿಸದು. ಕರೆಂಟ್ ಫಕ್ಕನೆ ಹೋಗುವ ಊರಿನಲ್ಲಿ ಬದಲಾವಣೆಯ ದಾಖಲೆ (ಜರ್ನಲ್) ಇಟ್ಟುಕೊಳ್ಳದ ಎಕ್ಸ್‌ಫ್ಯಾಟ್ ಕೂಡ ಬೇಡ. ಡಿಸ್ಕನ್ನು ಲಿನಕ್ಸ್‌ನ ಎಕ್ಸ್‌ಟಿ4 ರೂಪದಲ್ಲಿ ಫಾರ್ಮ್ಯಾಟ್ ಮಾಡಿ.

ನಿಲ್ಲಿಸಿದಲ್ಲಿಂದ ಮುಂದುವರಿಸುವುದು ಎರಡರಲ್ಲೂ ಇದೆ. ಜೆಲ್ಲಿಫಿನ್‌ನಲ್ಲಿ ಟಿವಿಯಲ್ಲಿ ನಿಲ್ಲಿಸಿದ್ದನ್ನು ಫೋನಿನಲ್ಲಿ ಮುಂದುವರಿಸಬಹುದು, ಮನೆಯ ಒಬ್ಬೊಬ್ಬರಿಗೂ ಬೇರೆ ಖಾತೆ. ಕೋಡಿಯಲ್ಲಿ ಈ ವ್ಯವಸ್ಥೆ ಒರಟು. ಮುಂದೆ ಎಳೆಯುವಾಗ ಚಿಕ್ಕ ಚಿತ್ರ ಕಾಣುವ ಟ್ರಿಕ್‌ಪ್ಲೇ ಜೆಲ್ಲಿಫಿನ್‌ನ ದೊಡ್ಡ ಅನುಕೂಲ: ಕೋಡಂಗಿ ಹೋಗಿ ಒಡ್ಡೋಲಗ ಬಂದದ್ದೆಲ್ಲಿ ಎಂದು ಕಣ್ಣಿನಿಂದಲೇ ಹುಡುಕಬಹುದು. ಆದರೆ 10 ಸೆಕೆಂಡಿಗೊಂದರಂತೆ ಎಂಟು ಗಂಟೆಗೆ 2,880 ಚಿತ್ರ ತಯಾರಾಗಬೇಕು. ಹತ್ತಾರು ಆಟಗಳನ್ನು ಒಟ್ಟಿಗೆ ಸೇರಿಸಿದರೆ ಸರ್ವರ್ ಬಹಳ ಹೊತ್ತು ಅದರಲ್ಲೇ ಮುಳುಗಿರುತ್ತದೆ. ಅಂತರವನ್ನು 30 ಸೆಕೆಂಡಿಗೆ ಏರಿಸಿ, ಆಟಕ್ಕೆ ಅಷ್ಟು ಸಾಕು. ಇದಕ್ಕಿಂತಲೂ ಬಾಳಿಕೆಯ ಕೆಲಸ, ಎಂಕೆವಿಟೂಲ್‌ನಿಕ್ಸ್‌ನಲ್ಲಿ ಫೈಲಿಗೇ ಅಧ್ಯಾಯಗಳನ್ನು ಸೇರಿಸುವುದು. ಪೂರ್ವರಂಗ, ಒಡ್ಡೋಲಗ, ಒಂದೊಂದು ಪ್ರಸಂಗ ಎಂದು ಸಮಯ ಹಾಕಿದರೆ ಎರಡೂ ತಂತ್ರಾಂಶ ಅದನ್ನು ಓದುತ್ತವೆ, ನಾಳೆ ಮೂರನೆಯದು ಬಂದರೂ ಓದುತ್ತದೆ.

ತಾಳಮದ್ದಳೆಯ ಉದ್ದನೆಯ ಎಂಪಿ3ಗೆ ಜೆಲ್ಲಿಫಿನ್ನೇ ಸೈ. ಪುಸ್ತಕ ಎಂಬ ಲೈಬ್ರರಿ ಬಗೆಗೆ ಸೇರಿಸಿದರೆ ಆಡಿಯೊಬುಕ್ ಎಂದು ಪರಿಗಣಿಸಿ ಕೇಳಿ ನಿಲ್ಲಿಸಿದ ಜಾಗ ನೆನಪಿಟ್ಟುಕೊಳ್ಳುತ್ತದೆ. ಕೋಡಿ ಹಾಡಿನ ಫೈಲುಗಳಿಗೆ ಹಾಗೆ ಮಾಡದು. ಒಂದು ಸ್ಥಿರಚಿತ್ರ ಸೇರಿಸಿ ಎಂಕೆವಿ ಮಾಡಿದರೆ ವಿಡಿಯೊ ಎಂದುಕೊಂಡು ನೆನಪಿಡುತ್ತದೆ.

ಮನೆಯ ವಿಡಿಯೊಗಳಿಗೆ ಇಂಟರ್‌ನೆಟ್‌ನಿಂದ ಮಾಹಿತಿ ತರಿಸಬೇಡಿ. ತರಿಸಿದರೆ ಸೀಮಂತದ ಫೈಲಿಗೆ ಯಾವುದೋ ಸಿನಿಮಾದ ಪೋಸ್ಟರ್ ಅಂಟುತ್ತದೆ. ಜೆಲ್ಲಿಫಿನ್‌ನಲ್ಲಿ ಮನೆಯ ವಿಡಿಯೊ ಮತ್ತು ಫೋಟೊ ಎಂಬ ಬಗೆ ಆರಿಸಿ. ಕೋಡಿಯಲ್ಲಿ ಸ್ಥಳೀಯ ಮಾಹಿತಿ ಮಾತ್ರ ಎಂಬ ಆಯ್ಕೆ ಇದೆ. ಫೈಲಿನ ಹೆಸರು ಕನ್ನಡ ಲಿಪಿಯಲ್ಲಿದ್ದರೆ ಬ್ರೌಸರಿನಲ್ಲಿ ಜೆಲ್ಲಿಫಿನ್ ಚೆನ್ನಾಗಿ ತೋರಿಸುತ್ತದೆ, ಕೋಡಿಯ ಮೆನುವಿನಲ್ಲಿ ಅಕ್ಷರದ ಬದಲು ಚೌಕಗಳು ಕಾಣಬಹುದು. ಕನ್ನಡ ಸಬ್‌ಟೈಟಲ್‌ಗೆ ನೋಟೊ ಸಾನ್ಸ್ ಕನ್ನಡ ಫಾಂಟನ್ನು ಕೋಡಿಯ ಫಾಂಟ್ಸ್ ಫೋಲ್ಡರಿಗೆ ಹಾಕಿ ಸಬ್‌ಟೈಟಲ್ ಸೆಟ್ಟಿಂಗ್‌ನಲ್ಲಿ ಆರಿಸಬೇಕು.

ರಿಮೋಟು, ಕರೆಂಟು, ಸಿಡಿಲು

ಮನೆಯ ಹಿರಿಯರು ಬಳಸುವುದಾದರೆ ಕೋಡಿಯ ಪೈ ಪೆಟ್ಟಿಗೆಗೆ ಸಾಟಿ ಇಲ್ಲ. ಎಚ್‌ಡಿಎಂಐ ಸಿಇಸಿ ಮೂಲಕ ಟಿವಿಯ ಹಳೆಯ ರಿಮೋಟಿನಿಂದಲೇ ಎಲ್ಲವೂ ನಡೆಯುತ್ತದೆ. ಟಿವಿಯ ಸೆಟ್ಟಿಂಗ್‌ನಲ್ಲಿ ಇದನ್ನು ಕಂಪನಿಗೊಂದು ಹೆಸರಿನಿಂದ ಕರೆಯುತ್ತಾರೆ: ಸಿಂಪ್‌ಲಿಂಕ್, ಎನಿನೆಟ್ ಪ್ಲಸ್, ಬ್ರಾವಿಯಾ ಸಿಂಕ್. ಮಿನಿ ಪಿಸಿಗಳಲ್ಲಿ ಸಾಮಾನ್ಯವಾಗಿ ಸಿಇಸಿ ಇರುವುದಿಲ್ಲ, ಹಾಗಾಗಿ ಅದನ್ನೇ ಟಿವಿಗೆ ಜೋಡಿಸಿದರೆ ಪ್ರತ್ಯೇಕ ರಿಮೋಟು ಬೇಕು.

ಕರೆಂಟಿನ ವಿಷಯದಲ್ಲೂ ಲಿಬ್ರೆಎಲೆಕ್ ಗಟ್ಟಿ. ಅದರ ಮೂಲ ವ್ಯವಸ್ಥೆ ಓದಲು ಮಾತ್ರ ಬರುವ ಒಂದು ಇಮೇಜ್ ಫೈಲಿನಲ್ಲಿದೆ, ನಡುವೆ ಕರೆಂಟ್ ಹೋದರೂ ಅದಕ್ಕೆ ಪೆಟ್ಟಾಗುವುದು ಅಪರೂಪ. ಕೆಡುವುದಾದರೆ ಕೋಡಿಯ ಡೇಟಾಬೇಸ್, ಅದನ್ನು ಲಿಬ್ರೆಎಲೆಕ್ ಸೆಟ್ಟಿಂಗ್‌ನ ಬ್ಯಾಕಪ್‌ನಿಂದ ಮರಳಿ ತರಬಹುದು. ಡೆಬಿಯನ್ ಸದಾ ಡಿಸ್ಕ್‌ಗೆ ಬರೆಯುತ್ತಲೇ ಇರುತ್ತದೆ. ಆ ಪೆಟ್ಟಿಗೆಯನ್ನೂ ರೂಟರನ್ನೂ ಮನೆಯ ಇನ್ವರ್ಟರ್ ಲೈನಿಗೆ ಹಾಕಿ, ಇನ್ವರ್ಟರನ್ನು ಯುಪಿಎಸ್ ಮೋಡ್‌ನಲ್ಲಿ ಇಡಿ. ಸತತ 10 ವಾಟ್ ಎಂದರೆ ತಿಂಗಳಿಗೆ 7.2 ಯೂನಿಟ್. ಹಳೆಯ ಡೆಸ್ಕ್‌ಟಾಪನ್ನೇ ಸರ್ವರ್ ಮಾಡಿ ಅದು 50 ವಾಟ್ ಎಳೆದರೆ 36 ಯೂನಿಟ್.

ಪೈ 5ಕ್ಕೆ 5 ಆಂಪಿಯರಿನ ಅಡಾಪ್ಟರ್ ಕೊಡದಿದ್ದರೆ ಅದು ನಾಲ್ಕೂ ಯುಎಸ್‌ಬಿ ಕಿಂಡಿಗೆ ಸೇರಿ 600 ಮಿಲಿಆಂಪಿಯರ್ ಮಾತ್ರ ಬಿಡುತ್ತದೆ. ಆಗ ಪೋರ್ಟಬಲ್ ಡಿಸ್ಕ್ ಟಕ್‌ಟಕ್ ಎಂದು ಸದ್ದು ಮಾಡಿ ನಿಲ್ಲುತ್ತದೆ. ಡಿಸ್ಕ್ ಹೋಯಿತೆಂದು ಗಾಬರಿಯಾಗುವ ಮೊದಲು ಅಡಾಪ್ಟರ್ ನೋಡಿ. ಯುಎಸ್‌ಬಿ 3 ಡಿಸ್ಕ್‌ನ ವೈರು 2.4 ಗಿಗಾಹರ್ಟ್ಸ್ ವೈಫೈಗೆ ಅಡ್ಡಿ ಮಾಡುತ್ತದೆ, ಮುರಕಲ್ಲಿನ ದಪ್ಪ ಗೋಡೆ 5 ಗಿಗಾಹರ್ಟ್ಸನ್ನು ನುಂಗುತ್ತದೆ. ಹೀಗಾಗಿ ಲ್ಯಾನ್ ಕೇಬಲ್ ಎಳೆಯುವುದೇ ಪರಿಹಾರ. ಮುಂಗಾರು ಹಿಡಿಯುವ ಮುನ್ನ ಮತ್ತು ತುಲಾ ತಿಂಗಳ ಗುಡುಗಿನಲ್ಲಿ ಪ್ಲಗ್ ಕಿತ್ತರೆ ಮಾತ್ರ ಸಾಲದು, ಆ ಕೇಬಲನ್ನೂ ಕೀಳಬೇಕು. ಸಿಡಿಲು ಅದರಲ್ಲೂ ಬರುತ್ತದೆ.

ಜೆಲ್ಲಿಫಿನ್ ಕೈಕೊಡುವ ಜಾಗಗಳು

ಮೊದಲನೆಯದು, ಲೈಬ್ರರಿ ಖಾಲಿ ಕಾಣುವುದು. ಡೆಸ್ಕ್‌ಟಾಪ್ ತಾನಾಗಿ ಮೌಂಟ್ ಮಾಡಿದ (ಜೋಡಿಸಿಕೊಂಡ) ಡಿಸ್ಕ್ ಆ ಬಳಕೆದಾರನಿಗೆ ಮಾತ್ರ ತೆರೆದಿರುತ್ತದೆ, ಜೆಲ್ಲಿಫಿನ್ ಎಂಬ ಬೇರೆಯೇ ಬಳಕೆದಾರನಾಗಿ ಓಡುವ ಸರ್ವರಿಗೆ ಒಳಗೆ ಹೋಗಲು ಅನುಮತಿ ಇರುವುದಿಲ್ಲ. ಎಫ್‌ಎಸ್‌ಟ್ಯಾಬ್ ಎಂಬ ಸೆಟ್ಟಿಂಗ್ ಫೈಲಿನಲ್ಲಿ ಡಿಸ್ಕ್‌ನ ಗುರುತು ಸಂಖ್ಯೆಯಾದ ಯುಯುಐಡಿ ಹಾಕಿ ಸ್ಥಿರ ಜಾಗಕ್ಕೆ ಮೌಂಟ್ ಮಾಡಿ, ನೋಫೇಲ್ ಆಯ್ಕೆ ಸೇರಿಸಿ. ಅದಿಲ್ಲದಿದ್ದರೆ ಡಿಸ್ಕ್ ಸಿಗದ ದಿನ ಪಿಸಿ ಬೂಟೇ ಆಗದು.

ಎರಡನೆಯದು, ಹಾರ್ಡ್‌ವೇರ್ ಪರಿವರ್ತನೆ ನಡೆಯದಿರುವುದು. ಜೆಲ್ಲಿಫಿನ್ ಬಳಕೆದಾರನನ್ನು ರೆಂಡರ್ ಗುಂಪಿಗೆ ಸೇರಿಸಿ, ಟ್ರಾನ್ಸ್‌ಕೋಡಿಂಗ್‌ನಲ್ಲಿ ಇಂಟೆಲ್ ಕ್ವಿಕ್‌ಸಿಂಕ್ ಆರಿಸಿ, ಸೇವೆಯನ್ನು ರೀಸ್ಟಾರ್ಟ್ ಮಾಡಿ. ಗ್ರಾಫಿಕ್ಸ್‌ನ ಫರ್ಮ್‌ವೇರ್ ಪ್ಯಾಕೇಜ್ ಕೂಡ ಬೇಕು. ಅದು ಮುಕ್ತ ಆಕರವಲ್ಲ. ಆಡುವಾಗ ಗೇರ್ ಗುರುತು ಒತ್ತಿ ಪ್ಲೇಬ್ಯಾಕ್ ಮಾಹಿತಿ ತೆರೆದರೆ ಫೈಲು ನೇರವಾಗಿ ಹೋಗುತ್ತಿದೆಯೇ, ಪರಿವರ್ತನೆಯಾಗುತ್ತಿದೆಯೇ, ಯಾಕೆ ಎಂಬುದೆಲ್ಲ ಅಲ್ಲೇ ಬರೆದಿರುತ್ತದೆ. ಪೈ ಮೇಲೆ ಜೆಲ್ಲಿಫಿನ್ ಹಾಕುವ ಆಸೆ ಬಿಡಿ. ಪೈ 5ರಲ್ಲಿ ಎನ್‌ಕೋಡ್ ಮಾಡುವ ಹಾರ್ಡ್‌ವೇರೇ ಇಲ್ಲ.

ದುಬೈ, ಮಸ್ಕತ್‌ನಲ್ಲಿರುವವರಿಗೂ ಊರಿನ ಆಟ ತೋರಿಸಬೇಕೆಂದರೆ ಜೆಲ್ಲಿಫಿನ್ ಒಂದೇ ದಾರಿ. ಆದರೆ 8096ನೇ ಪೋರ್ಟನ್ನು ರೂಟರಿನಲ್ಲಿ ಸುಮ್ಮನೆ ತೆರೆದಿಡಬೇಡಿ, ಪಾಸ್‌ವರ್ಡ್ ಬೆತ್ತಲೆಯಾಗಿ ಹೋಗುತ್ತದೆ. ಸ್ವಂತ ಡೊಮೈನ್ ಇಟ್ಟುಕೊಂಡು ಜೆಲ್ಲಿಫಿನ್‌ನ ಮುಂದೆ ಕ್ಯಾಡಿ ಎಂಬ ವೆಬ್ ಸರ್ವರನ್ನು ಇರಿಸಿದರೆ ಎಚ್‌ಟಿಟಿಪಿಎಸ್ ಪ್ರಮಾಣಪತ್ರವನ್ನು ಅದೇ ತಂದುಕೊಳ್ಳುತ್ತದೆ. ಫೈಬರ್ ಸಂಪರ್ಕ ಹಲವು ಮನೆಗಳಿಗೆ ಒಂದೇ ಐಪಿವಿ4 ವಿಳಾಸ ಹಂಚಿದ್ದರೆ ಹೊರಗಿನಿಂದ ಒಳಬರಲು ಆಗದು. ಆಗ ಐಪಿವಿ6 ಅಥವಾ ಬಾಡಿಗೆಯ ಪುಟ್ಟ ಸರ್ವರಿನ ಮೂಲಕ ವೈರ್‌ಗಾರ್ಡ್ ಎಂಬ ವಿಪಿಎನ್ (ಖಾಸಗಿ ಸುರಕ್ಷಿತ ಸಂಪರ್ಕ) ಬಳಸಬೇಕು. ವಿಪಿಎನ್ ಬಗ್ಗೆ ಆ ದೇಶದ ಕಾನೂನು ಏನೆನ್ನುತ್ತದೆಂದು ಮೊದಲೇ ನೋಡಿಕೊಳ್ಳಿ. ಅವರ ಖಾತೆಗೆ ಬಿಟ್‌ರೇಟ್ ಮಿತಿ 3 ಮೆಗಾಬಿಟ್ ಎಂದು ಹಾಕಿದರೆ ಎಂಟು ಗಂಟೆಯ ಆಟಕ್ಕೆ ಸುಮಾರು 10.8 ಜಿಬಿ ಖರ್ಚಾಗುತ್ತದೆ.

ಒಂದೇ ಟಿವಿ, ಹಳೆಯ ಡಿಸ್ಕ್‌ಗಳ ರಾಶಿ ಇರುವ ಮನೆಗೆ ನಮ್ಮ ಆಯ್ಕೆ ಪೈ 4 ಮತ್ತು ಲಿಬ್ರೆಎಲೆಕ್, ಅನುಮಾನವಿಲ್ಲ. ಫೋನುಗಳು ಹೆಚ್ಚಾದಾಗ, ಪರವೂರಿನವರು ಕೇಳತೊಡಗಿದಾಗ ಎನ್100 ತಂದು ಡಿಸ್ಕನ್ನು ಅದಕ್ಕೆ ಸ್ಥಳಾಂತರಿಸಿ, ಪೈಯನ್ನು ಟಿವಿಯ ಹಿಂದೆಯೇ ಉಳಿಸಿ. ಕೋಡಿಗೆ ಜೆಲ್ಲಿಕಾನ್ ಆ್ಯಡ್-ಆನ್ ಹಾಕಿದರೆ ಸರ್ವರಿನ ಖಾತೆ, ನಿಲ್ಲಿಸಿದ ಜಾಗ ಎಲ್ಲವೂ ಟಿವಿಯಲ್ಲಿ ಸಿಗುತ್ತದೆ. ಎಂಪೆಗ್-2 ಫೈಲನ್ನು ಕೋಡಿಯೇ ಬಿಡಿಸುವುದರಿಂದ ಪರಿವರ್ತನೆಯೂ ಬೇಕಾಗದು. ಜೊತೆಗೆ ಅದೇ ಡಿಸ್ಕನ್ನು ಸಾಂಬಾ ಎಂಬ ಫೈಲು ಹಂಚುವ ತಂತ್ರಾಂಶದ ಮೂಲಕವೂ ಕೋಡಿಗೆ ಸೋರ್ಸ್ ಆಗಿ ಕೊಟ್ಟಿಡಿ, ಜೆಲ್ಲಿಫಿನ್ ಅಪ್‌ಡೇಟ್ ಕೆಟ್ಟ ದಿನವೂ ಟಿವಿಯಲ್ಲಿ ಆಟ ನಿಲ್ಲುವುದಿಲ್ಲ.